ಮನೆ ನೋಡಿ ಹೋದವರು ಯಾಕೆ ಸುಮ್ಮನಾದರು? ಮಡಿಕೇರಿಯ ಒಬ್ಬ ಬ್ರೋಕರ್ ಬಗ್ಗೆ

ಮಡಿಕೇರಿಯಲ್ಲಿ ಮನೆ ಮಾರಲು ಇಟ್ಟಿದ್ದೀರಿ, ಜನ ಬರುತ್ತಾರೆ, ನೋಡುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ, ಆಮೇಲೆ ಒಂದು ಫೋನೂ ಇಲ್ಲ. ಇದು ಅಂಥವರಿಗಾಗಿ. ನಮ್ಮ ಮನೆ ಮಾರಿಕೊಟ್ಟ ಬ್ರೋಕರ್ ಒಬ್ಬ ಹೆಂಗಸು. ಹೆಸರು, ನಂಬರ್ ಎಲ್ಲೂ ಹಾಕಬೇಡಿ ಎಂದು ಅವರೇ ಹೇಳಿದ್ದಾರೆ, ಈಗಿರುವ ಕೆಲಸವೇ ಜಾಸ್ತಿಯಂತೆ. ಪೇಟೆಯಲ್ಲಿ ನಾಲ್ಕು ಜನರನ್ನು ಕೇಳಿದರೆ ಗೊತ್ತಾಗುತ್ತದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಮನೆ ಅಪ್ಪ ಕಟ್ಟಿಸಿದ್ದು. ಪೇಟೆಯಿಂದ ಸ್ವಲ್ಪ ಕೆಳಗೆ, ಇಳಿಜಾರಿನಲ್ಲಿ. ಮುಂದೆ ಮಂಗಳೂರು ಹೆಂಚು, ಹಿಂದೆ ಆಮೇಲೆ ಸೇರಿಸಿದ ತಾರಸಿ, ಒಳಗೆ ಕೆಂಪು ಕಾವಿ ನೆಲ. ಹಿಂಬದಿಗೆ ಬರೆ, ಅಂದರೆ ಕಡಿದಾದ ಮಣ್ಣಿನ ಗುಡ್ಡದ ಬದಿ, ಬರೆಗೊಂದು ತಡೆಗೋಡೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಮನೆಗೆ ಬಂದರು. ಅಣ್ಣ ಮೈಸೂರಿನಲ್ಲಿ, ತಂಗಿ ಸುಳ್ಯದಲ್ಲಿ. ಬೀಗ ಹಾಕಿದ ಮನೆ ಕೊಡಗಿನ ಮಳೆಗೆ ಎಷ್ಟು ವರ್ಷ ತಡೆಯುತ್ತದೆ? ಮಾರೋಣ ಅಂದೆವು.

ಮೊದಲು ಒಂದು ವೆಬ್‌ಸೈಟಿನಲ್ಲಿ ದುಡ್ಡು ಕೊಟ್ಟು ಹಾಕಿದೆವು. ಫೋನುಗಳೇನೋ ಬಂದವು. ಅರ್ಧಕ್ಕರ್ಧ ಬೇರೆ ಬ್ರೋಕರ್‌ಗಳದು, 'ನಮ್ಮ ಹತ್ರ ಪಾರ್ಟಿ ಇದೆ' ಅಂತ. ಉಳಿದದ್ದು ಬೆಂಗಳೂರಿನವರದು. ಅವರು ಬರುವುದು ಶನಿವಾರ, ಭಾನುವಾರ. ಬೆಳಿಗ್ಗೆ ಅಬ್ಬಿ ಫಾಲ್ಸ್, ಮಧ್ಯಾಹ್ನ ನಮ್ಮ ಮನೆ, ಸಂಜೆ ರಾಜಾಸೀಟ್. ಮಕ್ಕಳು ಅಂಗಳದಲ್ಲಿ ಓಡಾಡಿ, ಹೆಂಚಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಹೋಗುತ್ತಿದ್ದರು. ನನ್ನದು ಟೈಲರಿಂಗ್ ಅಂಗಡಿ. ಬಟ್ಟೆ ಮುಟ್ಟಿ ನೋಡಿ 'ಆಮೇಲೆ ಬರ್ತೀವಿ' ಅನ್ನುವವರ ಮುಖ ನನಗೆ ಚೆನ್ನಾಗಿ ಗೊತ್ತು. ಇವರದೂ ಅದೇ ಮುಖ.

ಆಮೇಲೆ ಒಬ್ಬ ಬ್ರೋಕರ್ ಹಿಡಿದೆವು. ಆತ ಜನರನ್ನು ಕರೆತರುವುದರಲ್ಲಿ ನಿಸ್ಸೀಮ. ಮನೆ ತೋರಿಸುವುದು ಮಾತ್ರ ಗೊತ್ತಿಲ್ಲ. ಬಂದವರು ಗೋಡೆ ನೋಡುತ್ತಿದ್ದರೆ ಈತ 'ವ್ಯೂ ನೋಡಿ ಸಾರ್, ವ್ಯೂ' ಎಂದು ಕಿಟಕಿಗೆ ಎಳೆಯುತ್ತಿದ್ದ. ಮಂಜು ಮುಚ್ಚಿಕೊಂಡಿರುವಾಗಲೂ. ಯಾಕೆ ಯಾರೂ ರೇಟ್ ಕೇಳುತ್ತಿಲ್ಲ ಅಂದರೆ, 'ಇನ್ನೂ ಹತ್ತು ಪಾರ್ಟಿ ತರ್ತೀನಿ ಮೇಡಂ' ಅನ್ನುತ್ತಿದ್ದ. ಹತ್ತು ಜನ ಬೇಡ ಅಂದದ್ದನ್ನು ಹನ್ನೊಂದನೆಯವನು ಯಾಕೆ ಬೇಕು ಅನ್ನುತ್ತಾನೆ ಎಂದು ಆತನೂ ಯೋಚಿಸಲಿಲ್ಲ.

ಆಮೇಲೆ ಸಿಕ್ಕಿದವರೇ ನಾನು ಹೇಳಹೊರಟ ಈ ಬ್ರೋಕರ್ ಅಕ್ಕ. ಅವರು ಬಂದು ಮೊದಲು ಮಾಡಿದ ಕೆಲಸ ಹೊಸಬರನ್ನು ಕರೆತರುವುದಲ್ಲ. ಆಗಲೇ ನೋಡಿಕೊಂಡು ಹೋದವರ ನಂಬರ್ ಎಲ್ಲ ಕೊಡಿ ಅಂದರು. ಒಬ್ಬೊಬ್ಬರಿಗೂ ಫೋನ್ ಮಾಡಿದರು. ಅವರು ಕೇಳುವ ರೀತಿಯೇ ಬೇರೆ. 'ಮನೆ ಇಷ್ಟ ಆಯ್ತಾ?' ಅಂದರೆ ಎಲ್ಲರೂ 'ಚೆನ್ನಾಗಿದೆ, ಮನೆಯವರ ಜೊತೆ ಮಾತಾಡಿ ಹೇಳ್ತೀವಿ' ಅನ್ನುತ್ತಾರೆ. ನಮ್ಮ ಜನ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವವರಲ್ಲ, ಅಲ್ವಾ? ಇವರು ಕೇಳಿದ್ದು ಹೀಗೆ: 'ನೀವು ತಗೊಳ್ಳೋದು ಬೇಡ, ಅದು ಮುಗೀತು. ಆದ್ರೆ ಆ ಮನೇಲಿ ಯಾವ ಒಂದು ವಿಷಯ ಸರಿ ಇದ್ದಿದ್ರೆ ರೇಟ್ ಮಾತಾಡ್ತಿದ್ರಿ?' ಕೊಳ್ಳುವ ಭಾರ ತಲೆಯಿಂದ ಇಳಿದ ಮೇಲೆ ಜನ ಬಾಯಿಬಿಟ್ಟರು. ಉದ್ದದ ಲೆಕ್ಕದ ಪುಸ್ತಕದಲ್ಲಿ ಎಲ್ಲ ಬರೆದುಕೊಂಡು ತಂದು ನನ್ನ ಹೊಲಿಗೆ ಮೇಜಿನ ಮೇಲೆ ಇಟ್ಟರು.

ಬೆಲೆ ಜಾಸ್ತಿ ಅಂತ ಇರಬಹುದು ಅಂದುಕೊಂಡಿದ್ದೆ. ಅದೂ ಇತ್ತು. ಆದರೆ ಮೇಲೆ ಇದ್ದದ್ದು ಬೇರೆ. ಹಿಂದಿನ ಕೋಣೆಯಲ್ಲಿ ವಾಸನೆ. ಬರೆ ಕಂಡರೆ ಭಯ. ಖಾತೆ ಇನ್ನೂ ತೀರಿಹೋದವರ ಹೆಸರಿನಲ್ಲಿ. ಕಾರು ತಿರುಗಿಸಲು ಜಾಗ ಇಲ್ಲ. ಒಬ್ಬರು 'ಜಮ್ಮಾ ಜಾಗ ಇರಬೇಕು, ಕೋರ್ಟು ಕಚೇರಿ ಯಾಕೆ ಅಂತ ಬಿಟ್ಟೆವು' ಅಂದಿದ್ದರು. ಜಮ್ಮಾ ಅಂದರೆ ಕೊಡಗಿನ ಕುಟುಂಬಗಳಿಗೆ ಹಿಂದಿನಿಂದ ವಂಶಪಾರಂಪರ್ಯವಾಗಿ ಬಂದ ಜಮೀನು. ನಮ್ಮದು ನಗರಸಭೆ ವ್ಯಾಪ್ತಿಯ ಸೈಟು, ಜಮ್ಮಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕೇಳಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದೆವು. ಕೊಡಗು ಅಂದರೆ ಎಲ್ಲ ಜಮ್ಮಾ ಬಾಣೆ (ಗದ್ದೆಗೆ ಸೇರಿದ ಕಾಡುಜಾಗ) ಅಂತ ಹೊರಗಿನವರು ತಿಳಿದುಕೊಂಡಿರುತ್ತಾರೆ. ಕೇಳುವುದಿಲ್ಲ, ಹೊರಟುಹೋಗುತ್ತಾರೆ.

ಹಿಂದಿನ ಕೋಣೆಯ ವಾಸನೆ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಹುಟ್ಟಿ ಬೆಳೆದ ಮನೆಯ ವಾಸನೆ ಯಾರ ಮೂಗಿಗೆ ಬರುತ್ತದೆ? ಅಕ್ಕ ಕೋಣೆಗೆ ಬಂದವರೇ ಮರದ ಬೀರುವನ್ನು ಒಂದು ಗೇಣು ಮುಂದಕ್ಕೆ ಎಳೆಸಿದರು. ಹಿಂದಿನ ಗೋಡೆ ನೆಲದಿಂದ ಎದೆಮಟ್ಟದವರೆಗೆ ಕಪ್ಪಗೆ ಬೂಷ್ಟು ಹಿಡಿದಿತ್ತು. ಬೆರಳಿನಿಂದ ಉಜ್ಜಿದರೆ ಸುಣ್ಣ ಪುಡಿಪುಡಿಯಾಗಿ ಉದುರಿತು. ಅದೇ ಗೋಡೆ ಬರೆಯ ಕಡೆಗಿರುವುದು. ನಾನು ಪೇಂಟ್ ಹೊಡೆಸೋಣ ಅಂದೆ. 'ಪೇಂಟ್ ಆಮೇಲೆ. ನೀರು ಎಲ್ಲಿಂದ ಬರ್ತದೆ ನೋಡುವ' ಎಂದು ಛತ್ರಿ ಹಿಡಿದು ಹಿತ್ತಲಿಗೆ ಹೋದರು.

ತಡೆಗೋಡೆಯಲ್ಲಿ ನೀರು ಹೊರಗೆ ಹರಿಯಲೆಂದು ಅಪ್ಪ ಅಲ್ಲಲ್ಲಿ ಪೈಪ್ ಬಿಡಿಸಿದ್ದರು. ಅದರಲ್ಲಿ ಒಂದೆರಡು ಬಿಟ್ಟು ಉಳಿದದ್ದೆಲ್ಲ ಮಣ್ಣು, ಬೇರು ತುಂಬಿ ಮುಚ್ಚಿಹೋಗಿತ್ತು. ಕೆಸುವಿನ ಗಿಡ ಬೆಳೆದು ಪೈಪಿನ ಬಾಯಿಯೇ ಕಾಣುತ್ತಿರಲಿಲ್ಲ. ಬರೆಯ ಮೇಲಿನ ಚರಂಡಿಯಲ್ಲೂ ಎಲೆ ಕಟ್ಟಿಕೊಂಡು ನೀರು ಒಳಗೇ ಇಂಗುತ್ತಿತ್ತು. ಆ ನೀರಿಗೆ ಗೋಡೆ ಬಿಟ್ಟು ಬೇರೆ ದಾರಿ ಇಲ್ಲ. ಕೆಲಸದವನೊಬ್ಬ ಕಬ್ಬಿಣದ ಸರಳು ಹಾಕಿ ಪೈಪ್ ಚುಚ್ಚಿದಾಗ ಕೆಂಪು ನೀರು ಭುಸ್ಸೆಂದು ಚಿಮ್ಮಿ ಅವನ ಪ್ಯಾಂಟೆಲ್ಲ ಕೆಸರಾಯಿತು. ಸಂಜೆಯವರೆಗೂ ಹರಿಯಿತು. ಚರಂಡಿ ಬಿಡಿಸಿ, ಗೋಡೆಯ ಹಳೆ ಗಾರೆ ಕೆರೆದು ತೆಗೆದು, ಆ ಕೋಣೆಯ ಕಿಟಕಿ ದಿನಾ ತೆರೆದಿಡಲು ಒಬ್ಬರನ್ನು ಗೊತ್ತು ಮಾಡಿದೆವು. ಖರ್ಚು ಹೆಚ್ಚೇನೂ ಆಗಲಿಲ್ಲ.

ಬರೆಯ ಭಯಕ್ಕೆ ಕಾರಣ ಇದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಮಡಿಕೇರಿ ಪೇಟೆಯೊಳಗೂ ಮನೆಗಳು ಹೋದವು. ಮರುವರ್ಷ ವಿರಾಜಪೇಟೆ ಹತ್ತಿರ ತೋರ, 2020ರಲ್ಲಿ ತಲಕಾವೇರಿ. ಈಗ ಯಾರೇ ಮನೆ ನೋಡಲು ಬಂದರೂ ಕಣ್ಣು ಮೊದಲು ಹೋಗುವುದು ಹಿತ್ತಲಿಗೆ. ಹಳೆ ಬ್ರೋಕರ್ ಹಿತ್ತಲಿನ ಬಾಗಿಲೇ ತೆರೆಯುತ್ತಿರಲಿಲ್ಲ. ಅದರಿಂದ ಅನುಮಾನ ಇನ್ನೂ ಜಾಸ್ತಿಯಾಗುತ್ತಿತ್ತು.

ಇಲ್ಲಿ ಅಕ್ಕ ಮಾಡಿದ್ದು ನನಗೆ ಮೊದಲು ಹುಚ್ಚು ಅನ್ನಿಸಿತು. ಎಲ್ಲರೂ 'ಮಳೆ ಮುಗೀಲಿ, ಅಕ್ಟೋಬರಿನ ಕಾವೇರಿ ಸಂಕ್ರಮಣ ಕಳೀಲಿ, ಆಮೇಲೆ ತೋರ್ಸಿ' ಅನ್ನುತ್ತಿದ್ದರು. ಇವರು ಆಟಿ ತಿಂಗಳಿನಲ್ಲೇ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲೇ, ತೋರಿಸುತ್ತೇನೆ ಅಂದರು. 'ಆಟಿಲಿ ಯಾರು ಮನೆ ನೋಡ್ತಾರೆ?' ಎಂದು ಅವ್ವ ಮುಖ ಗಂಟು ಹಾಕಿಕೊಂಡರು. 'ಒಳ್ಳೆ ಕೆಲಸ ಮಾಡ್ಬಾರ್ದು ಅವ್ವ, ನೋಡ್ಲಿಕ್ಕೆ ಏನು?' ಅಂದರು ಅಕ್ಕ. ಬೇಸಿಗೆಯಲ್ಲಿ ನೋಡಿದವನು ಮನಸ್ಸಿನಲ್ಲೇ 'ಮಳೆಗೆ ಏನಾಗುತ್ತೋ' ಅಂದುಕೊಂಡು ಹೋಗುತ್ತಾನೆ. ಜಡಿಮಳೆಯಲ್ಲಿ ಒಣ ಗೋಡೆ ಮುಟ್ಟಿ ನೋಡಿದವನಿಗೆ ಆ ಪ್ರಶ್ನೆಯೇ ಉಳಿಯುವುದಿಲ್ಲ. ಜೊತೆಗೆ ವಾರದ ದಿನವೇ ಬರಬೇಕು ಅಂತ ಶರತ್ತು. ಟೂರಿನವರು ಅಲ್ಲಿಗೇ ಕಳಚಿಕೊಂಡರು.

ಬಂದವರು ತೀರಾ ಕಮ್ಮಿ. ಆದರೆ ಅವರು ಕೇಳಿದ ಪ್ರಶ್ನೆಗಳೇ ಬೇರೆ. ಕೂಟುಹೊಳೆಯಿಂದ ಬರುವ ನಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ, ಕರೆಂಟು ಹೋದರೆ ಎಷ್ಟು ದಿನ, ಪಕ್ಕದ ಮನೆಯವರು ಹೇಗೆ. ಕೊನೆಗೆ ಕೊಂಡವರು ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದವರು. ಅವರು ಮನೆಯೊಳಗೆ ಕಾಲಿಡುವ ಮೊದಲೇ ಹಿತ್ತಲಿಗೆ ಹೋಗಿ ಮಳೆಯಲ್ಲಿ ನಿಂತು ಒಂದೊಂದೇ ಪೈಪಿನಿಂದ ನೀರು ಬರುವುದನ್ನು ನೋಡಿದರು. ಅಕ್ಕ ಒಂದು ಮಾತೂ ಆಡಲಿಲ್ಲ. ಆ ಸುಮ್ಮನಿರುವ ವಿದ್ಯೆಗೇ ಅರ್ಧ ಕಮಿಷನ್ ಕೊಡಬಹುದು.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಖಾತೆಯನ್ನು ಅವ್ವ ಮತ್ತು ಮೂವರು ಮಕ್ಕಳ ಹೆಸರಿಗೆ ಮಾಡಿಸಿದೆವು. ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಕ್ರಯಪತ್ರ, ಇಸಿ (ಋಣಭಾರ ಪತ್ರ), ನಮೂನೆ-3 (ನಗರಸಭೆಯ ಖಾತೆ ನಕಲು), ಕಂದಾಯ ರಸೀದಿ, ಮನೆ ಕಟ್ಟಿದ ಪರವಾನಗಿ ಎಲ್ಲದರ ಜೆರಾಕ್ಸ್ ಒಂದು ಫೈಲಿನಲ್ಲಿ ಹಾಕಿ ಟೀಪಾಯಿ ಮೇಲೆ ಇಟ್ಟರು. ಮೊದಲ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ 'ಜಮ್ಮಾ ಅಲ್ಲ'. ಬ್ಯಾಂಕ್ ಸಾಲ ಮಾಡುವವರಿಗೆ ಈ ಫೈಲೇ ಮುಖ್ಯ. ವ್ಯೂ ಅಲ್ಲ.

ಬೆಲೆಯಲ್ಲಿ ಮನೆಯೊಳಗೇ ಜಗಳ ಆಯಿತು. ನೆಂಟರೊಬ್ಬರ ಹೋಂಸ್ಟೇ ಎಷ್ಟಕ್ಕೆ ಹೋಯಿತೆಂದು ಕೇಳಿ ಅಣ್ಣ 75 ಲಕ್ಷ ಅಂತ ಹಿಡಿದಿದ್ದ. ಅಕ್ಕ ಹೇಳಿದ್ದು: ಕಾರು ತಿರುಗದ ಜಾಗ, ಇಳಿಜಾರು, ಇವನ್ನು ಯಾವ ಮೇಸ್ತ್ರಿಯೂ ಸರಿ ಮಾಡುವುದಿಲ್ಲ, ಬೆಲೆಯೇ ಸರಿ ಮಾಡಬೇಕು. ಅದೂ ಒಂದೇ ಸಲ. ತಿಂಗಳಿಗೆ ಒಂದೊಂದು ಲಕ್ಷ ಇಳಿಸುತ್ತಾ ಹೋದರೆ ನೋಡುವವನು ಇನ್ನೂ ಇಳಿಯಲಿ ಎಂದು ಕಾಯುತ್ತಾನೆ. ಅದೇ ದುಡ್ಡಿಗೆ ಕುಶಾಲನಗರದಲ್ಲಿ ಸಮತಟ್ಟು ಜಾಗ, ಕಮ್ಮಿ ಮಳೆ, ಮೈಸೂರೂ ಹತ್ತಿರ. ನಮ್ಮ ಮನೆ ನೋಡಿದವರಲ್ಲಿ ಹಲವರು ಅಲ್ಲಿಗೇ ಹೋದರು. (2018, 2019ರಲ್ಲಿ ಅಲ್ಲಿನ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ಅವರಿಗೆ ನೆನಪಿದ್ದ ಹಾಗಿಲ್ಲ. ಇರಲಿ.) ಕೊನೆಗೆ 64 ಲಕ್ಷಕ್ಕೆ ಮಾತಾಯಿತು.

ಕೊಳ್ಳುವವನ ಲೆಕ್ಕ ನಮ್ಮ ಲೆಕ್ಕವಲ್ಲ. ಇದನ್ನೂ ಅಕ್ಕನೇ ಕೂರಿಸಿ ತೋರಿಸಿದರು. 45 ಲಕ್ಷದ ಮೇಲಿನ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಯಿತು. ಪೇಟೆಯಲ್ಲಿ ಎಲ್ಲ ಸೇರಿ ಶೇ 7.6. ಅಂದರೆ 64 ಲಕ್ಷದ ಮನೆಗೆ 4 ಲಕ್ಷ 86 ಸಾವಿರದಷ್ಟು ಬೇರೆ. ಮಾತಾದ ಮೇಲೆ, ನೋಂದಣಿಗೆ ಮೊದಲು ಈ ಏರಿಕೆ ಬಂತು. ಕೊಳ್ಳುವವರು 64 ಸಾವಿರ ಬಿಡಿ ಅಂದರು, ಅಣ್ಣ ಬಿಡಲ್ಲ ಅಂದ. ಅಕ್ಕ ಅರ್ಧರ್ಧ ಮಾಡಿ ಮುಗಿಸಿದರು. 50 ಲಕ್ಷ ದಾಟಿದ್ದರಿಂದ ಕೊಳ್ಳುವವರು ನಮಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಾವು ನಾಲ್ವರು ಮಾರುವವರು, ಪ್ರತಿಯೊಬ್ಬರ ಪ್ಯಾನ್‌ಗೂ ಅವರವರ ಪಾಲಿನ ಪ್ರಕಾರ ಬೇರೆ ಬೇರೆ. ಅವ್ವನ ಪ್ಯಾನ್ ಕಾರ್ಡ್ ಟ್ರಂಕಿನಲ್ಲಿ ಹುಡುಕಿದ್ದು ಇನ್ನೊಂದು ಕಥೆ.

ಇನ್ನು ಆ ಕಳೆದ ಒಂದು ಸ್ಟಾರ್. ಕಮಿಷನ್ ಶೇ 2, ಒಂದು ಪೈಸೆ ಇಳಿಸುವುದಿಲ್ಲ. ನಮಗೆ 1 ಲಕ್ಷ 28 ಸಾವಿರ ಆಯಿತು. ಕೊಟ್ಟ ಕೆಲಸಕ್ಕೆ ಅದು ಜಾಸ್ತಿ ಅಂತ ನಾನು ಹೇಳುವುದಿಲ್ಲ, ಅಣ್ಣ ಹೇಳುತ್ತಾನೆ. ನನ್ನ ದೂರು ಬೇರೆ. ಅವರು ಕಳಿಸಿದ ಪೇಂಟರ್ ಕೆಲಸ ಗಲೀಜು. ಕಾವಿ ನೆಲದ ಮೇಲೆ ಬಿಳಿ ಚುಕ್ಕೆ ಬಿಟ್ಟು ಹೋದ, ಉಜ್ಜಿ ಉಜ್ಜಿ ನನಗೆ ಸಾಕಾಯಿತು. ಫೋಟೋ ತೆಗೆಯಲು ಬರುವುದಿಲ್ಲ, ಎಲ್ಲದರಲ್ಲೂ ಅವರ ಛತ್ರಿಯ ತುದಿ ಇದೆ. ಶುಕ್ರವಾರ ಸಂತೆ ದಿನ ಫೋನ್ ಎತ್ತುವುದೇ ಇಲ್ಲ. ಮಾತೂ ಸ್ವಲ್ಪ ಒರಟು. 'ಈ ಕೋಣೆಲಿ ನಾನಾದ್ರೆ ಮಲಗಲ್ಲ' ಅಂತ ಅವ್ವನ ಮುಂದೆಯೇ ಅಂದುಬಿಟ್ಟರು.

ತೋಟ, ಬಾಣೆ ಮಾರುವವರು ಇವರ ಹತ್ತಿರ ಹೋಗಬೇಡಿ, ಮುಟ್ಟುವುದಿಲ್ಲ. ತಿಂಗಳೊಳಗೆ ದುಡ್ಡು ಕೈಗೆ ಬರಬೇಕು ಅನ್ನುವವರಿಗೂ ಆಗಿಬರುವುದಿಲ್ಲ, ಮೊದಲು ಪೈಪ್ ಬಿಡಿಸಿ ಬನ್ನಿ ಅನ್ನುತ್ತಾರೆ. ಕಮಿಷನ್ ಅರ್ಧ ಕರಾರು ಆದಾಗ, ಅರ್ಧ ನೋಂದಣಿ ದಿನ. ಇದನ್ನು ಮೊದಲೇ ಬರೆಸಿಕೊಳ್ಳಿ, ಕೇಳಿದರೆ ಬರೆದುಕೊಡುತ್ತಾರೆ. ಈಗಾಗಲೇ ಮನೆ ನೋಡಿಹೋದವರ ನಂಬರ್ ಇದ್ದರೆ ಅಳಿಸಬೇಡಿ, ಹೋಗುವಾಗ ಪಟ್ಟಿ ಮಾಡಿಕೊಂಡು ಹೋಗಿ. ಆಫೀಸು ಮಹಡಿ ಮೇಲೆ, ಮೆಟ್ಟಿಲು ತುಂಬ ಕಡಿದು. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಕೆಳಗಿನಿಂದಲೇ ಫೋನ್ ಮಾಡಿ, ಇಳಿದು ಬರುತ್ತಾರೆ. ಶುಕ್ರವಾರ ಒಂದು ಬಿಟ್ಟು.