ದೊಡ್ಡ ಫೆರಿ, ಓಡುವ ಬೋಟ್, ಪುಟ್ಟ ಹಡಗು: ಗ್ರೀಸ್ ದ್ವೀಪಗಳಲ್ಲಿ ಮೂರನ್ನೂ ಹತ್ತಿ ನೋಡಿದ್ದು

ಗ್ರೀಸ್‌ಗೆ ಹೊರಡುವ ಮುಂಚೆ ನಮ್ಮ ಮನೆಯಲ್ಲಿ ಎರಡು ವಾರ ನಡೆದ ಜಗಳ ಒಂದೇ: ಯಾವ ದ್ವೀಪ? ಸ್ಯಾಂಟೊರಿನಿ ಬೇಕೇ ಬೇಕು. ಮಿಕೊನೊಸ್ ಬೇಡ. ಪಾರೋಸ್ ಇರಲೋ, ನಾಕ್ಸೋಸ್ ಇರಲೋ? ದ್ವೀಪದಿಂದ ದ್ವೀಪಕ್ಕೆ ಯಾವುದರಲ್ಲಿ ಹೋಗುವುದು ಅಂತ ಮಾತ್ರ ಯಾರೂ ಕೇಳಲಿಲ್ಲ. ಆಪ್‌ನಲ್ಲಿ ಯಾವ ಸಮಯ ಹೊಂದಿತೋ ಅದನ್ನು ಒತ್ತಿ ದುಡ್ಡು ಕಟ್ಟಿದೆ. ಹೀಗಾಗಿ ಒಂದೇ ಪ್ರವಾಸದಲ್ಲಿ ಮೂರು ಜಾತಿಯ ಹಡಗು ಹತ್ತುವ ಯೋಗ ಬಂತು. ನಾನು, ಹೆಂಡತಿ, 66 ವರ್ಷದ ಅಮ್ಮ. ಆಗಸ್ಟ್ ಕೊನೆಯ ವಾರ, ಎಂಟು ರಾತ್ರಿ.

ಮೊದಲನೆಯದು ದೊಡ್ಡ ಫೆರಿ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಬೆಳಿಗ್ಗೆ ಏಳೂವರೆ ಸುಮಾರಿಗೆ ಹೊರಡುವ ಬ್ಲೂ ಸ್ಟಾರ್ ಹಡಗು. ಪಾರೋಸ್, ನಾಕ್ಸೋಸ್ ಮುಟ್ಟಿ ಸ್ಯಾಂಟೊರಿನಿಗೆ ಹೋಗುತ್ತದೆ. ನಾಕ್ಸೋಸ್‌ಗೆ ಐದು ಗಂಟೆ ಚಿಲ್ಲರೆ. ಹತ್ತುವುದು ಲಾರಿ, ಕಾರು ನುಗ್ಗುವ ಅದೇ ಇಳಿಜಾರಿನಿಂದ. ಒಳಗೆ ಡೀಸೆಲ್ ವಾಸನೆ, ಕಿರುಚಾಟ, ಹಿಂದಿನಿಂದ ಹಾರ್ನ್. ಸೂಟ್‌ಕೇಸನ್ನು ಅಲ್ಲೇ ಕೆಳಗೆ ದ್ವೀಪದ ಹೆಸರು ಬರೆದ ಕಟ್ಟೆಯ ಮೇಲೆ ಇಟ್ಟು ಮೇಲೆ ಹೋಗಬೇಕು. ಗಣಿತದಲ್ಲಿ ಕಲಿತ ಪೈ ಅಕ್ಷರ ಬದುಕಿನಲ್ಲಿ ಮೊದಲ ಸಲ ಉಪಯೋಗಕ್ಕೆ ಬಂದಿದ್ದು ಇಲ್ಲಿ: ಪಾರೋಸ್, ಪಿರೇಯಸ್ ಎರಡೂ ಅದರಿಂದಲೇ ಶುರು. ಸ್ಯಾಂಟೊರಿನಿ ಅಂತ ಹುಡುಕಿದರೆ ಸಿಗುವುದಿಲ್ಲ. ಅದರ ಗ್ರೀಕ್ ಹೆಸರು ಥೀರಾ, ಬೋರ್ಡಿನಲ್ಲಿ ಥೀಟಾ ಅಕ್ಷರ ಹುಡುಕಬೇಕು. ಇಷ್ಟೆಲ್ಲ ಗೊತ್ತಿದ್ದೂ ಗಡಿಬಿಡಿಯಲ್ಲಿ ಅಮ್ಮನ ಪೆಟ್ಟಿಗೆಯನ್ನು ನಾನು ಪಾರೋಸ್ ಕಟ್ಟೆಯ ಮೇಲಿಟ್ಟಿದ್ದೆ. ಪಾರೋಸ್ ಬಂದಾಗ ಎದೆ ಧಸಕ್ಕೆಂದು ಕೆಳಗೆ ಓಡಿದೆ. ಅವರವರ ಚೀಲ ಎಳೆದುಕೊಳ್ಳುವ ಭರದಲ್ಲಿ ಯಾರೋ ನಮ್ಮದನ್ನು ಎತ್ತಿ ನೆಲಕ್ಕಿಟ್ಟಿದ್ದರು. ಒಳಗಿದ್ದ ಚಟ್ನಿಪುಡಿ ಡಬ್ಬಿ ಕ್ಷೇಮ.

ಮೇಲಿನ ಡೆಕ್ ಮಾತ್ರ ಬೇರೆ ಲೋಕ. ನಮ್ಮದು ಎಲ್ಲಕ್ಕಿಂತ ಅಗ್ಗದ ಟಿಕೆಟ್, ತಲೆಗೆ ಸುಮಾರು 45 ಯೂರೋ, ಸೀಟ್ ನಂಬರ್ ಇಲ್ಲ. ಬೇಗ ಹೋದವರಿಗೆ ಸೋಫಾ, ತಡವಾದವರಿಗೆ ಪ್ಲಾಸ್ಟಿಕ್ ಕುರ್ಚಿ. ಊರಿಗೆ ಹೊರಟ ಅಜ್ಜಿಯರು, ನಾಯಿ ಕರೆತಂದವರು, ಇಸ್ಪೀಟ್ ಆಡುವ ಹುಡುಗರು. ಒಂದು ತಣ್ಣನೆಯ ಫ್ರೆಡೊ ಕಾಫಿ ಹಿಡಿದು ಮೂರು ಗಂಟೆ ಕೂರುವುದು ಅಲ್ಲಿನ ಕ್ರಮ. ಅಮ್ಮ ಅವಲಕ್ಕಿ ಬಿಚ್ಚಿದರು, ಯಾರೂ ತಿರುಗಿಯೂ ನೋಡಲಿಲ್ಲ. ನಾಕ್ಸೋಸ್ ಹತ್ತಿರವಾದಂತೆ ಬಂದರಿನ ಬಾಯಲ್ಲೇ ಅಮೃತಶಿಲೆಯ ಒಂಟಿ ಬಾಗಿಲು ಕಾಣುತ್ತದೆ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಶುರು ಮಾಡಿ ಅರ್ಧಕ್ಕೇ ಬಿಟ್ಟ ದೇವಸ್ಥಾನದ ಬಾಗಿಲು ಅದು, ಹೆಸರು ಪೋರ್ಟಾರಾ. ಗೋಡೆ ಇಲ್ಲ, ಚಾವಣಿ ಇಲ್ಲ, ಬಾಗಿಲೊಂದೇ. ಆ ಬಾಗಿಲಿನ ಮುಂದೆ ಹಡಗು ತಿರುಗಿ ಹಿಂಬದಿಯನ್ನು ದಡಕ್ಕೆ ಕೊಡುವುದನ್ನು ಡೆಕ್ ಮೇಲೆ ನಿಂತು ನೋಡಬೇಕು. ಎಷ್ಟು ದುಡ್ಡು ಕೊಟ್ಟರೂ ಹೈಸ್ಪೀಡ್ ಬೋಟಿನಲ್ಲಿ ನಮಗೆ ಅದು ಸಿಗಲಿಲ್ಲ.

ನಾಕ್ಸೋಸ್‌ನಲ್ಲಿ ಮೂರು ರಾತ್ರಿ ಇದ್ದು, ಕುಫೊನಿಸಿ ಎಂಬ ಸಣ್ಣ ದ್ವೀಪಕ್ಕೆ ಹೊರಟಿದ್ದು ಎರಡನೆಯದರಲ್ಲಿ. ಇದರ ಹೆಸರು ಎಕ್ಸ್‌ಪ್ರೆಸ್ ಸ್ಕೋಪೆಲಿಟಿಸ್. ಎಕ್ಸ್‌ಪ್ರೆಸ್ ಅನ್ನುವುದು ಹೆಸರಿನಲ್ಲಿ ಮಾತ್ರ, ಮೂರರಲ್ಲಿ ಇದೇ ನಿಧಾನ! ಇರಾಕ್ಲಿಯಾ, ಸ್ಕಿನೂಸಾ ಅಂತ ಒಂದೊಂದೇ ದ್ವೀಪ ಮುಟ್ಟುತ್ತಾ ಹೋಗುತ್ತದೆ, ನಮ್ಮ ಹಳ್ಳಿ ಬಸ್ಸಿನ ಹಾಗೆ. ತರಕಾರಿ ಬುಟ್ಟಿ, ಗ್ಯಾಸ್ ಸಿಲಿಂಡರ್, ಒಂದು ವಾಷಿಂಗ್ ಮೆಷಿನ್ ನಮ್ಮ ಸಹಪ್ರಯಾಣಿಕರು. ಚಿಕ್ಕದಾದ್ದರಿಂದ ತೂಗಾಟ ಜಾಸ್ತಿ, ಆದರೆ ಅದು ತೊಟ್ಟಿಲ ತೂಗಾಟ. ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೆ ಹೊಟ್ಟೆ ತೊಳೆಸುವುದಿಲ್ಲ. ಒಂದು ತೊಡಕಿದೆ. ಇದು ಮಧ್ಯಾಹ್ನ ನಾಕ್ಸೋಸ್ ಬಿಟ್ಟು ಅಮೊರ್ಗೊಸ್ ದ್ವೀಪಕ್ಕೆ ಹೋಗಿ ಬೆಳಿಗ್ಗೆ ಮರಳುತ್ತದೆ. ಹಾಗಾಗಿ ಇದರಲ್ಲಿ ಹೋದರೆ ಒಂದು ರಾತ್ರಿ ಉಳಿಯಲೇಬೇಕು. ಉಳಿದಿದ್ದು ಒಳ್ಳೆಯದೇ ಆಯಿತು. ಸಂಜೆ ಎದುರುಗಡೆ ಕೇರೋಸ್ ಅನ್ನುವ ಜನರಿಲ್ಲದ ದ್ವೀಪ ಕೆಂಪಾಗುವುದನ್ನು ನೋಡಿದೆವು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಜನ ಅಮೃತಶಿಲೆಯ ಪುಟ್ಟ ಗೊಂಬೆಗಳನ್ನು ಬೇಕಂತಲೇ ಮುರಿದು, ಚೂರುಗಳನ್ನು ತಂದು ಅಲ್ಲಿ ಹೂಳುತ್ತಿದ್ದರಂತೆ. ನಮ್ಮಲ್ಲಿ ಗೊಂಬೆ ಕೂರಿಸುತ್ತಾರೆ, ಇವರು ಮುರೀತಿದ್ರಾ ಅಂದರು ಅಮ್ಮ.

ಮೂರನೆಯದು ಹೈಸ್ಪೀಡ್ ಕ್ಯಾಟಮರಾನ್, ಅಂದರೆ ಎರಡು ಒಡಲು ಜೋಡಿಸಿದ ವೇಗದ ಬೋಟು. ಇದರಲ್ಲಿ ಎರಡು ಸಲ ಕೂತೆ, ಎರಡು ಸಲವೂ ಬೇರೆ ಬೇರೆ ಅಭಿಪ್ರಾಯ ಬಂತು.

ನಾಕ್ಸೋಸ್‌ನಿಂದ ಸ್ಯಾಂಟೊರಿನಿಗೆ ಒಂದೂವರೆ ಗಂಟೆ. ಅವತ್ತು ಸಮುದ್ರ ಎಣ್ಣೆ ಸವರಿದ ಹಾಗಿತ್ತು. ಎಸಿ, ನಂಬರ್ ಇರುವ ಸೀಟು, ವಿಮಾನದಂತೆ ಕಿಟಕಿ. ಕಿಟಕಿ ತುಂಬಾ ಉಪ್ಪಿನ ಕಲೆ, ಹೊರಗೆ ಏನೂ ಕಾಣುವುದಿಲ್ಲ ಅನ್ನುವುದು ಬಿಟ್ಟರೆ ಸುಖವೇ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸ್ಯಾಂಟೊರಿನಿಯ ಅಥಿನಿಯೊಸ್ ಬಂದರು ಬಂತು. ಇಲ್ಲೂ ಒಂದು ನಷ್ಟವಿದೆ. ಜ್ವಾಲಾಮುಖಿ ಕುಸಿದು ಆದ ಆ ದೊಡ್ಡ ಬೋಗುಣಿಯೊಳಗೆ ಹಡಗು ನುಗ್ಗುವ ಹೊತ್ತಿಗೆ ಎಲ್ಲರೂ ಒಳಗೆ ಏರ್‌ಪೋರ್ಟಿನ ಲಗೇಜ್ ಬೆಲ್ಟಿನ ಮುಂದೆ ನಿಂತ ಹಾಗೆ ನಿಂತಿದ್ದೆವು. ಸ್ಯಾಂಟೊರಿನಿಯ ಅತಿ ಒಳ್ಳೆಯ ನೋಟ ಅದು, ನಮಗೆ ಸಿಕ್ಕಿದ್ದು ಮುಂದಿನವನ ಬ್ಯಾಕ್‌ಪ್ಯಾಕ್.

ಸ್ಯಾಂಟೊರಿನಿಯಲ್ಲಿ ಎರಡು ರಾತ್ರಿ ಸಾಕು. ಜನಜಾತ್ರೆ, ದುಬಾರಿ. ಅಕ್ರೋಟಿರಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಸಿಕ್ಕ ಪುರಾತನ ಊರು ಮತ್ತು ಫಾವಾ, ಇವೆರಡು ಮಾತ್ರ ಬಿಡಬೇಡಿ. ಫಾವಾ ಅಂದರೆ ಹಳದಿ ಬೇಳೆಯ ಗಟ್ಟಿ ತೊವ್ವೆ, ಒಗ್ಗರಣೆಯ ಬದಲು ಈರುಳ್ಳಿ, ಆಲಿವ್ ಎಣ್ಣೆ. ಸಸ್ಯಾಹಾರಿಗಳು ನಿಸ್ತೀಸಿಮೊ ಎಂಬ ಪದ ಕಲಿತು ಹೋಗಿ. ಅವರ ಉಪವಾಸದ ಅಡುಗೆ ಅದು: ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಸಿಗಡಿ, ಆಕ್ಟೋಪಸ್ ಇರಬಹುದು, ಕೇಳಿಕೊಳ್ಳಿ.

ಮರಳಿ ಪಿರೇಯಸ್‌ಗೆ ಹೈಸ್ಪೀಡ್‌ನಲ್ಲಿ ಐದು ಗಂಟೆ, ದೊಡ್ಡ ಹಡಗಿನಲ್ಲಿ ಎಂಟು. ಮೂರು ಗಂಟೆ ಉಳಿಯುತ್ತದಲ್ಲ ಅಂತ ತಲೆಗೆ ಸುಮಾರು 85 ಯೂರೋ ಕೊಟ್ಟಿದ್ದೆ. ನಾನು ಮರೆತಿದ್ದು ಮೆಲ್ಟೆಮಿಯನ್ನು. ಬೇಸಿಗೆಯಲ್ಲಿ, ಅದರಲ್ಲೂ ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಗಾಳಿ ಅದು. ಆಕಾಶ ನೀಲಿಯಾಗಿರುತ್ತದೆ, ಮಳೆಯ ಹನಿ ಇಲ್ಲ, ಗಾಳಿ ಮಾತ್ರ ಕುರ್ಚಿ ಹಾರಿಸುವಷ್ಟು. ಅಥೆನ್ಸ್‌ನಿಂದ ಬರುವಾಗ ಗಾಳಿ ನಮ್ಮ ಬೆನ್ನಿಗಿತ್ತು. ಹೋಗುವಾಗ ಎದುರಿಗೆ. ಗಾಳಿ ತೀರಾ ಜೋರಾದರೆ ಕರಾವಳಿ ಕಾವಲು ಪಡೆ ಹಡಗುಗಳನ್ನು ಬಂದರಿನಲ್ಲೇ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಮೊದಲು ನಿಲ್ಲುವುದು ಹೈಸ್ಪೀಡ್‌ಗಳೇ. ನಮ್ಮದು ನಿಲ್ಲಲಿಲ್ಲ, ಬರೀ ಒಂದು ಗಂಟೆ ನಲವತ್ತು ನಿಮಿಷ ತಡ. ಕೌಂಟರಿನವನು ಹತ್ತು ನಿಮಿಷ ಅಂತ ಆರು ಸಲ ಹೇಳಿದ. ಹತ್ತಿದ ಮೇಲೆ ಬೋಟು ಅಲೆಯ ಮೇಲೆ ಏರುವುದು, ಢಬ್ ಅಂತ ಬೀಳುವುದು. ಹೊರಗೆ ನಿಲ್ಲಲು ಡೆಕ್ ಇಲ್ಲ. ಸಿಬ್ಬಂದಿ ಕಾಗದದ ಚೀಲ ಹಂಚಿದರು. ಮುಂದಿನ ಸಾಲು, ಪಕ್ಕದ ಸಾಲು, ಆಮೇಲೆ ನನ್ನ ಹೆಂಡತಿ. ಆಗುಂಬೆ ಘಾಟಿಯ ಬಸ್ಸಿಗೆಂದು ಅಮ್ಮ ಯಾವತ್ತೂ ಪರ್ಸಿನಲ್ಲಿ ನಿಂಬೆಹಣ್ಣು ಇಡುತ್ತಾರೆ. ನಾಕ್ಸೋಸ್ ಮಾರ್ಕೆಟ್ಟಿನಲ್ಲಿ ಕೊಂಡ ಒಂದು ನಿಂಬೆ ಅಂದು ನಮ್ಮ ಸಾಲಿನಲ್ಲಿ ಕೈಯಿಂದ ಕೈಗೆ ಓಡಾಡಿತು. ಜರ್ಮನ್ ಹುಡುಗಿಯೊಬ್ಬಳು ಅದನ್ನು ಮೂಸಿ, ಮೂಸಿ, ಕೊನೆಗೆ ವಾಪಸ್ ಕೊಡಲೇ ಇಲ್ಲ.

ಲೆಕ್ಕ ಹಾಕಿದರೆ ಉಳಿದಿದ್ದು ಒಂದು ಗಂಟೆ ಚಿಲ್ಲರೆ. ಹಾಗಿದ್ದರೆ ವಿಮಾನ? ಸ್ಯಾಂಟೊರಿನಿಯಿಂದ ಅಥೆನ್ಸ್‌ಗೆ ಮುಕ್ಕಾಲು ಗಂಟೆ. ಸಮುದ್ರ ಆಗದವರು ಮರಳುವಾಗ ಸುಮ್ನೆ ಅದನ್ನೇ ಹಿಡಿಯಿರಿ. ನನ್ನನ್ನು ಕೇಳಿದರೆ ಎರಡು ಗಂಟೆಯೊಳಗಿನ ಜಿಗಿತಕ್ಕೆ ಹೈಸ್ಪೀಡ್ ಸರಿ, ಅದಕ್ಕಿಂತ ದೂರಕ್ಕೆ ದೊಡ್ಡ ಹಡಗು. ಯಾವುದೇ ಆಗಲಿ, ಭಾರತಕ್ಕೆ ಹೊರಡುವ ವಿಮಾನದ ಹಿಂದಿನ ರಾತ್ರಿ ಅಥೆನ್ಸ್‌ನಲ್ಲೇ ಇರಿ. ನಾವು ಪಿರೇಯಸ್‌ನಲ್ಲಿ ಇಳಿದಾಗ ರಾತ್ರಿ ಹತ್ತೂವರೆ. ವಿಮಾನ ಮರುದಿನ ಮಧ್ಯಾಹ್ನ ಇದ್ದಿದ್ದಕ್ಕೆ ಬಚಾವ್. ಪಕ್ಕದ ಗೇಟಿನಲ್ಲಿ ನಮಗಿಂತ ಮೊದಲೇ ಸ್ಯಾಂಟೊರಿನಿಯಿಂದ ಹೊರಟಿದ್ದ ದೊಡ್ಡ ಹಡಗು ಬಂದು ನಿಲ್ಲುತ್ತಿತ್ತು. ಡೆಕ್ ಮೇಲಿನವರು ಐಸ್‌ಕ್ರೀಮ್ ತಿನ್ನುತ್ತಿದ್ದರು.