ಎಚ್‌ಡಿ 600ಗೆ ಒಂದು ಜೇಬಿನ ಆಂಪ್: ನಾಲ್ಕು ವರ್ಷ, ಎರಡು ಬ್ಯಾಟರಿ

ಹೆಡ್‌ಫೋನಿಗೆ ಹೋಗುವ ಸಿಗ್ನಲ್ಲನ್ನು ಎತ್ತರಿಸುವ ಡಬ್ಬಿಯೇ ಆಂಪ್, ಅಂದರೆ ಆಂಪ್ಲಿಫೈಯರ್. ನನ್ನ ಆಂಪಿನ ಕಂಪನಿಯ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಹೊಗಳಿಕೆಯ ಜೊತೆ ಬೈಗುಳವೂ ಇದೆ, ನನ್ನ ಡಬ್ಬಿಗೆ ಆದದ್ದು ಎಲ್ಲರ ಡಬ್ಬಿಗೂ ಆಗಬೇಕೆಂದಿಲ್ಲ. ಇಸ್ಪೀಟು ಕಟ್ಟಿನಷ್ಟು ದೊಡ್ಡ ಅಲ್ಯೂಮಿನಿಯಂ ಡಬ್ಬಿ. ಮುಂದೆ ವಾಲ್ಯೂಮ್ ತಿರುಪು, 3.5 ಮತ್ತು 4.4 ಮಿಲಿಮೀಟರಿನ ಎರಡು ಜಾಕ್, ಪಕ್ಕದಲ್ಲಿ ಗೇನ್ (ಸಿಗ್ನಲ್ ಎಷ್ಟು ಪಟ್ಟು ಎತ್ತರಿಸಬೇಕು ಅನ್ನೋದು) ಸ್ವಿಚ್, ಹಿಂದೆ ಯುಎಸ್‌ಬಿ-ಸಿ. ಡಿಜಿಟಲ್ ಹಾಡನ್ನು ವಿದ್ಯುತ್ ಸಿಗ್ನಲ್ ಮಾಡುವ ಡ್ಯಾಕ್ ಒಳಗೇ ಇದೆ. 2021ರ ದೀಪಾವಳಿ ಸೇಲಿನಲ್ಲಿ ಹನ್ನೊಂದು ಸಾವಿರಕ್ಕೆ ತಗೊಂಡದ್ದು.

ಹೆಡ್‌ಫೋನ್ ಸೆನ್‌ಹೈಸರ್ ಎಚ್‌ಡಿ 600. 1997ರ ಮಾಡೆಲ್, ಇವತ್ತಿಗೂ ಜನ ಬಿಟ್ಟಿಲ್ಲ. ಓಪನ್ ಬ್ಯಾಕ್ (ಹಿಂಬದಿ ತೆರೆದದ್ದು) ಆದ್ದರಿಂದ ಒಳಗಿನ ಸದ್ದು ಹೊರಗೆ, ಹೊರಗಿನದು ಒಳಗೆ. ಮೆಟ್ರೊದಲ್ಲಿ ಹಾಕಿಕೊಂಡರೆ ಪಕ್ಕದವರಿಗೂ ಸಂಗೀತ ಕಛೇರಿ. ಹಾಗಾದರೆ ಜೇಬಿನ ಆಂಪ್ ಯಾಕೆ ಅಂದರೆ, ಮನೆಯಲ್ಲಿರುವ ಒಂದೇ ಮೇಜು ಸಂಜೆಯಾದರೆ ಮಗಳ ಹೋಮ್‌ವರ್ಕಿಗೆ. ನನ್ನ ಪಾಲಿಗೆ ಉಳಿದದ್ದು ರಾತ್ರಿ ಹತ್ತರ ಮೇಲಿನ ತಾರಸಿ. ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಒಮ್ಮೆ ಧಾರವಾಡದಿಂದ ಅವ್ವ ಬಂದಾಗ ಫೋನು, ಕೇಬಲ್ಲು, ಡಬ್ಬಿ, ಮತ್ತೆ ಕೇಬಲ್ಲು ಎಲ್ಲ ನೋಡಿ, "ಏನೋ ಇದು, ದವಾಖಾನ್ಯಾಗ ಮಲಗಿಸಿದಂಗ ವಾಯರ್ ಹಚ್ಚಿಕೊಂಡು ಕುಂತೀಯಲ್ಲ" ಅಂದಳು. ಹೊರಗಿನಿಂದ ಕಾಣೋದು ಹಾಗೇ.

ಆಂಪ್ ಬೇಕೇ ಬೇಕಾ? ಅಂಗಡಿಯವರು "ಹೈ-ಎಂಡ್ ಹೆಡ್‌ಫೋನ್ ಅಂದ್ರೆ ಆಂಪ್ ಇರಲೇಬೇಕು ಸಾರ್" ಅನ್ನುತ್ತಾರೆ. ಅರ್ಧ ನಿಜ. ಎಚ್‌ಡಿ 600ರ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 300 ಓಮ್. ಒಂದು ವೋಲ್ಟ್ ಕೊಟ್ಟರೆ 97 ಡೆಸಿಬಲ್. ಫೋನಿಗೆ ಹೆಡ್‌ಫೋನ್ ಸಿಕ್ಕಿಸಲು ಬಳಸುವ, ಕಿರುಬೆರಳಿನಷ್ಟಿರುವ ಮಾಮೂಲಿ ಯುಎಸ್‌ಬಿ ಡಾಂಗಲ್ ಕೊಡುವುದೂ ಹೆಚ್ಚುಕಡಿಮೆ ಅದೇ ಒಂದು ವೋಲ್ಟು. ಹಾಡಿನ ಅತಿ ಜೋರಾದ ಕ್ಷಣಕ್ಕೆ 110 ಡೆಸಿಬಲ್ ಬೇಕೆಂದರೆ ಸುಮಾರು ನಾಲ್ಕೂವರೆ ವೋಲ್ಟ್ ಬೇಕು. ಆದರೆ ಕರೆಂಟು 15 ಮಿಲಿಆಂಪಿಯರ್ ಸಾಕು. ಪ್ಲೇನಾರ್ (ತೆಳು ಹಾಳೆ ಕಂಪಿಸಿ ಸದ್ದು ಮಾಡುವ) ಹೆಡ್‌ಫೋನಿನದು ಇದರ ಉಲ್ಟಾ ಕಥೆ. ಹೈಫೈಮ್ಯಾನ್ ಸುಂದರಾ 37 ಓಮಿನದು, ಒಂದು ಮಿಲಿವ್ಯಾಟಿಗೆ 94 ಡೆಸಿಬಲ್. ಅದಕ್ಕೆ ಅಷ್ಟೇ ಸದ್ದಿಗೆ ಒಂದೂಕಾಲು ವೋಲ್ಟ್ ಸಾಕು, ಕರೆಂಟು ಮಾತ್ರ ಎರಡು ಪಟ್ಟು. ಮನೆ ನೀರಿನ ಲೆಕ್ಕದಲ್ಲಿ ಹೇಳುವುದಾದರೆ ಎಚ್‌ಡಿ 600ಗೆ ಟ್ಯಾಂಕ್ ಎತ್ತರದಲ್ಲಿರಬೇಕು, ಸುಂದರಾಗೆ ಪೈಪು ದಪ್ಪ ಇರಬೇಕು. ಡಬ್ಬಿಯ ಮೇಲೆ "32 ಓಮಿಗೆ ಇಷ್ಟು ಮಿಲಿವ್ಯಾಟ್" ಅಂತ ದೊಡ್ಡದಾಗಿ ಬರೆದಿದ್ದರೆ 300 ಓಮಿನವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ವೋಲ್ಟ್ ಎಷ್ಟು ಅಂತ ಹುಡುಕಿ. ನನ್ನದು 3.5ರಲ್ಲಿ ಮೂರು, 4.4ರಲ್ಲಿ ಆರು.

ಇದಕ್ಕಿಂತ ಮುಖ್ಯವಾದದ್ದು, ನೀವು ಕೇಳುವುದೇನು ಅನ್ನೋದು. ನಾನು ಹೆಚ್ಚಾಗಿ ಕೇಳುವುದು ಹಳೆಯ ಹಿಂದೂಸ್ತಾನಿ ಧ್ವನಿಮುದ್ರಣ, ಅದರಲ್ಲೂ ಮನ್ಸೂರರದು, ಗಂಗೂಬಾಯಿಯವರದು. ಇಂಥವುಗಳಲ್ಲಿ ಸರಾಸರಿ ಮಟ್ಟ ಅತಿ ಜೋರಿನ ಕ್ಷಣಕ್ಕಿಂತ 20 ಡೆಸಿಬಲ್ ಕೆಳಗಿರುವುದು ಮಾಮೂಲು. ಡಾಂಗಲ್ಲಿನಲ್ಲಿ ಫುಲ್ ವಾಲ್ಯೂಮ್ ಇಟ್ಟರೂ ಆಲಾಪದ ಶುರುವಿನಲ್ಲಿ ತಂಬೂರಿ ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಅದೇ ಡಾಂಗಲ್ಲಿನಲ್ಲಿ ಹೊಸ ಸಿನಿಮಾ ಹಾಡು ಹಾಕಿದರೆ ಅರ್ಧಕ್ಕೇ ಕಿವಿ ಗುಂಯ್. ಅವೆಲ್ಲ ಮೆಲುಸದ್ದನ್ನೂ ಮೊದಲೇ ಜೋರಿನ ಮಟ್ಟಕ್ಕೆ ಎತ್ತರಿಸಿ ತುಂಬಿದವು. ನಿಮ್ಮ ಪ್ಲೇಲಿಸ್ಟ್ ತುಂಬ ಅವೇ ಇದ್ದರೆ ದುಡ್ಡು ಉಳಿಸಿ.

ಸದ್ದಿನ ಗುಣಮಟ್ಟದ ಬಗ್ಗೆ ನಾನೂ ಮೊದಲ ವಾರ ಎಲ್ಲರಂತೆ "ಪರದೆ ಸರಿದಂಗಾಯ್ತು" ಅಂದವನೇ. ಆಮೇಲೆ ಅನುಮಾನ ಬಂತು. ಮಲ್ಟಿಮೀಟರ್ ಹಿಡಿದು, 60 ಹರ್ಟ್ಸ್ ಟೋನ್ ಹಾಕಿ (ಅಗ್ಗದ ಮೀಟರು ಮೇಲಿನ ಹರ್ಟ್ಸಿನಲ್ಲಿ ಸುಳ್ಳು ಹೇಳುತ್ತದೆ), ಹೆಡ್‌ಫೋನ್ ಸಿಕ್ಕಿಸಿಯೇ ಡಾಂಗಲ್ಲಿಗೂ ಆಂಪಿಗೂ ವೋಲ್ಟ್ ಸಮ ಮಾಡಿದೆ. ಹೆಂಡತಿ ನನ್ನ ಬೆನ್ನ ಹಿಂದೆ ಪ್ಲಗ್ ಬದಲಿಸುತ್ತಾ ಹೋದಳು. ಇಪ್ಪತ್ತು ಸಲದಲ್ಲಿ ಹನ್ನೊಂದು ಸರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಡಾಂಗಲ್ಲಿಗೆ ಏದುಸಿರು ಬರದ ಮಟ್ಟದಲ್ಲಿ ಎರಡೂ ಒಂದೇ. ಹನ್ನೊಂದು ಸಾವಿರ ಕೊಟ್ಟದ್ದು ಏದುಸಿರು ಬಿಡದ ಆ ಮೇಲಿನ ಜಾಗಕ್ಕೆ ಮಾತ್ರ. ಬ್ಯಾಲೆನ್ಸ್ಡ್ (ಎರಡೂ ಕಿವಿಗೆ ಬೇರೆಬೇರೆ ಜೋಡಿ ತಂತಿ ಇರುವ) 4.4 ಜಾಕ್ ಕೂಡ ಹಾಗೇ: ವೋಲ್ಟ್ ದುಪ್ಪಟ್ಟು, ಅಂದರೆ 6 ಡೆಸಿಬಲ್ ಜಾಸ್ತಿ. ಅದರ ಮೇಲಿನ ಕವಿತ್ವ ಕೇಬಲ್ ಮಾರುವವರದು.

ತಿರುಪಿನ ಬಗ್ಗೆ ಒಂದು ದೂರು. ತೀರಾ ಕೆಳಗಿನ ವಾಲ್ಯೂಮಿನಲ್ಲಿ ಎಡಕಿವಿ ಮೊದಲು ಎದ್ದು, ಬಲಕಿವಿ ನಿದ್ದೆಗಣ್ಣಲ್ಲಿ ಹಿಂದಿನಿಂದ ಬರುತ್ತದೆ. ಲೋ ಗೇನ್ ಹಾಕಿ ತಿರುಪನ್ನು ಹನ್ನೆರಡು ಗಂಟೆಯ ಕಡೆಗೆ ತಂದರೆ ಸರಿಹೋಗುತ್ತದೆ. ಕಿವಿಯೊಳಗೆ ಸಿಕ್ಕಿಸುವ ಇಯರ್‌ಫೋನಿಗಾದರೆ ಆ ಜಾಗಕ್ಕೆ ತರುವಷ್ಟರಲ್ಲಿ ಕಿವಿ ಕಿತ್ತುಹೋಗುತ್ತದೆ, ಹೈ ಗೇನಿನಲ್ಲಿ ಹಿಸ್ಸೂ ಕೇಳುತ್ತದೆ. ಅವರಿಗೆ ಈ ಡಬ್ಬಿ ಬೇಡ.

ಈಗ ಬ್ಯಾಟರಿ ಪುರಾಣ. ಮೊದಲ ವರ್ಷ ಒಂದು ಚಾರ್ಜಿಗೆ ಒಂಬತ್ತು ಗಂಟೆ ಬರುತ್ತಿತ್ತು. ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಲ್ಯಾಪ್‌ಟಾಪಿಗೆ ಬೆಳಗ್ಗೆ ಚುಚ್ಚಿದರೆ ಸಂಜೆ ಕೀಳುತ್ತಿದ್ದೆ, ಅಂದರೆ ದಿನವಿಡೀ ನೂರಕ್ಕೆ ನೂರು ಚಾರ್ಜಿನಲ್ಲಿ, ಬಿಸಿಯಲ್ಲಿ. ಲಿಥಿಯಂ ಬ್ಯಾಟರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. 2023ರ ಬೇಸಿಗೆಯಲ್ಲಿ ಒಂದು ದಿನ ಮೇಜಿನ ಮೇಲಿಟ್ಟು ತಿರುಪು ತಿರುಗಿಸಲು ಹೋದರೆ ಡಬ್ಬಿಯೇ ಬುಗುರಿಯಂತೆ ಗಿರ್ರನೆ ತಿರುಗಿತು. ಎತ್ತಿ ನೋಡಿದರೆ ಕೆಳಗಿನ ಪ್ಲೇಟು ಊದಿಕೊಂಡಿತ್ತು, ಒಂದು ಸ್ಕ್ರೂ ಎದ್ದು ನಿಂತಿತ್ತು.

ಸರ್ವಿಸ್‌ನವರಿಂದ "ವಾರಂಟಿ ಮುಗಿದಿದೆ, ಬ್ಯಾಟರಿ ಬಿಡಿಯಾಗಿ ಕೊಡುವುದಿಲ್ಲ, ಹೊಸ ಮಾಡೆಲ್ ನೋಡಿ" ಅಂತ ಮೇಲ್ ಬಂತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋದೆ. ರಿಪೇರಿ ಹುಡುಗ ಊದಿದ ಸೆಲ್ಲನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ, ಕೆಂಪು ಕಪ್ಪುಗಳ ನಡುವಿನ ಹಳದಿ ತಂತಿ ತೋರಿಸಿದ. "ಸಾರ್, ಇದು ಟೆಂಪರೇಚರ್ ವೈರು. ಎರಡೇ ವೈರಿನ ಸೆಲ್ ಹಾಕಿದ್ರೆ ಚಾರ್ಜೇ ತಗೊಳಲ್ಲ." ಮೂರು ತಂತಿಯ, ಅದೇ ಅಳತೆಯ ಸೆಲ್ ಸಿಗಲು ನಾಲ್ಕು ಅಂಗಡಿ ಸುತ್ತಬೇಕಾಯಿತು. ಸೆಲ್ಲು, ಕೂಲಿ ಸೇರಿ 1,100 ರೂಪಾಯಿ. ತಿರುಪು ತಿರುಗಿಸುವಾಗ ಬರುತ್ತಿದ್ದ ಕರಕರವೂ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದದ್ದಕ್ಕೆ ಹೋಯಿತು.

ಹಾಗಾಗಿ ಈಗ ಕೊಳ್ಳುವವರು ಒಳಗಿನ ಡ್ಯಾಕ್ ಚಿಪ್ ಯಾವುದು ಅನ್ನೋದಕ್ಕಿಂತ ಮೊದಲು ಎರಡು ವಿಷಯ ಕೇಳಿ. ಯುಎಸ್‌ಬಿಗೆ ಚುಚ್ಚಿದಾಗ ಚಾರ್ಜ್ ನಿಲ್ಲಿಸುವ ಸ್ವಿಚ್ ಇದೆಯಾ? ತಳದ ಪ್ಲೇಟು ಸ್ಕ್ರೂವಿನದಾ, ಅಂಟಿನದಾ? ನನ್ನದರಲ್ಲಿ ಸ್ವಿಚ್ ಇಲ್ಲ, ಸ್ಕ್ರೂ ಇತ್ತು, ಬದುಕಿಕೊಂಡೆ.

ಎರಡನೇ ಸೆಲ್ ಸದ್ಯ ಏಳು ಗಂಟೆ ಬರುತ್ತಿದೆ. ಮೇಜಿನ ಹತ್ತಿರ ಇದ್ದಾಗ ಡಾಂಗಲ್, ತಾರಸಿಗೆ ಮಾತ್ರ ಈ ಡಬ್ಬಿ. ಸೆಲ್ ಬದಲಿಸಿದ ತಾರೀಕನ್ನು ಬಿಳಿ ಟೇಪಿನ ಮೇಲೆ ಬರೆದು ತಳಕ್ಕೆ ಅಂಟಿಸಿದ್ದೇನೆ. ತಿಂಗಳಿಗೊಮ್ಮೆ ಗಾಜಿನ ಮೇಲಿಟ್ಟು, ಗಿರ್ರನ್ನುತ್ತದಾ ಅಂತ ತಿರುಗಿಸಿ ನೋಡುತ್ತೇನೆ.