ಹಾಳೆ ತಟ್ಟೆ ಸೈಟಿಗೆ ಅಗ್ಗದ ಹೋಸ್ಟಿಂಗ್: ಒಂದು ವರ್ಷ ಆದ್ಮೇಲೆ

ಬದಿಯಡ್ಕದಲ್ಲಿ ನಮ್ಮದೊಂದು ಸಣ್ಣ ಅಡಿಕೆ ಹಾಳೆ ತಟ್ಟೆ ಯೂನಿಟ್ ಉಂಟು, ಅದರ ಸೈಟಿಗೆ ತಿಂಗಳಿಗೆ 69 ರೂಪಾಯಿ ಅಂತ ನೋಡಿ ಹೋಸ್ಟಿಂಗ್ (ಸೈಟ್ ಇಡ್ಲಿಕ್ಕೆ ಸರ್ವರಲ್ಲಿ ಬಾಡಿಗೆ ಜಾಗ) ತಗೊಂಡದ್ದು, ಆದ್ರೆ ಆ ರೇಟಿಗೆ ನಾಲ್ಕು ವರ್ಷದ್ದು ಒಟ್ಟಿಗೇ ಕಟ್ಬೇಕಂತೆ ಮಾರಾಯ್ರೆ, ಮೇಲಿಂದ 18% ಜಿಎಸ್‌ಟಿ ಬೇರೆ. ನಾನು ಒಂದು ವರ್ಷದ್ದೇ ಕಟ್ಟಿದ್ದು, ಈಗ ರಿನ್ಯೂವಲ್ ಮೂರು ಪಟ್ಟು!

ಸ್ಪೀಡಿಗೆ ಎಂತ ತೊಂದ್ರೆ ಇಲ್ಲ, ಸರ್ವರ್ ಮುಂಬೈಯದ್ದು, ತಟ್ಟೆಯ ಫೋಟೋ ಎಲ್ಲ ಬೇಗ ಬರ್ತದೆ. ಮಳೆಗೆ ನಮ್ಮಲ್ಲಿ ಕರೆಂಟ್ ಹೋದ್ರೂ ಸೈಟ್ ಹೋಗ್ಲಿಲ್ಲ.

ಎಸ್‌ಎಸ್‌ಎಲ್‌ಗೆ, ಅಂದ್ರೆ ಸೈಟಿನ ಮಾಹಿತಿ ಸುರಕ್ಷಿತವಾಗಿ ಹೋಗ್ಲಿಕ್ಕೆ ಬೇಕಾದ ಸರ್ಟಿಫಿಕೇಟಿಗೆ, ಬೇರೆ ದುಡ್ಡು ಕೇಳಿದ್ರು, ಕೊಟ್ಟೂ ಬಿಟ್ಟೆ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯದ್ದು ಫ್ರೀ ಸಿಗ್ತದೆ ಅಂತ ಗೊತ್ತಾದ್ದು ಆಮೇಲೆ. ಬ್ಯಾಕಪ್ ವಾರಕ್ಕೊಮ್ಮೆ ನಾನೇ ಇಳಿಸಿಡ್ತೇನೆ. ಡೊಮೈನ್ (ಸೈಟಿನ ವಿಳಾಸ) ಮಾತ್ರ ಬೇರೆ ಕಡೆ ನನ್ನ ಹೆಸರಲ್ಲೇ ಉಂಟು, ಹಾಗಾಗಿ ಮುಂದಿನ ತಿಂಗಳು ಈ ಹೋಸ್ಟಿಂಗ್‌ನವರನ್ನ ಬಿಡುದೇ.